ಎರಡು ಥ್ರಾಟಲ್ ಬದಲಾಯಿಸಿದರೂ ಬಿಡದ ಕಾಟ: ಮಾಟುಂಗಾದ ಒಂದು ಬ್ಯಾಟರಿ ಸೈಕಲ್ ಪ್ರಕರಣ

ಮುಂಬೈಯ ಮಾಟುಂಗಾ ಪೂರ್ವದಲ್ಲಿ ನಮ್ಮ ಕರಾವಳಿಯವರ ಒಂದು ಹೋಟೆಲ್ ಇದೆ. ಬೆಳಿಗ್ಗೆ ಆರೂವರೆಯಿಂದಲೇ ಅಲ್ಲಿಂದ ಇಡ್ಲಿ, ವಡೆ, ಕಾಫಿ ಪಾರ್ಸೆಲ್ ಹೊರಡುತ್ತದೆ. ಕಿಂಗ್ಸ್ ಸರ್ಕಲ್, ಫೈವ್ ಗಾರ್ಡನ್ಸ್, ಈ ಕಡೆ ಸಯನ್ ತನಕ ಗಿರಾಕಿಗಳಿದ್ದಾರೆ. ಪಾರ್ಸೆಲ್ ಒಯ್ಯಲು ಮೂರು ಬ್ಯಾಟರಿ ಸೈಕಲ್ ಇಟ್ಟುಕೊಂಡಿದ್ದಾರೆ. ಮೂರೂ ಒಂದೇ ಮಾಡೆಲ್. 36 ವೋಲ್ಟ್ ಬ್ಯಾಟರಿ, ಹಿಂದಿನ ಚಕ್ರದಲ್ಲೇ ಕೂತ ಹಬ್ ಮೋಟಾರ್, ಬಲಗೈ ಹಿಡಿಯಲ್ಲಿ ತಿರುಗಿಸಿ ರೇಸ್ ಕೊಡುವ ಥ್ರಾಟಲ್. ಕೇಂದ್ರ ಮೋಟಾರು ವಾಹನ ನಿಯಮಗಳು ಹಾಕಿರುವ 250 ವ್ಯಾಟ್, ಗಂಟೆಗೆ 25 ಕಿಲೋಮೀಟರ್ ಮಿತಿಯೊಳಗಿನ ಗಾಡಿಗಳು. ಹಾಗಾಗಿ ರಿಜಿಸ್ಟ್ರೇಷನ್ ಬೇಡ, ಲೈಸೆನ್ಸ್ ಬೇಡ. ಹೋಟೆಲಿನ ಹುಡುಗರಿಗೆ ಅನುಕೂಲ. ಆದರೆ ಕೆಟ್ಟರೆ ನೋಡುವವರು ಕಡಿಮೆ. ಸೈಕಲ್ ಅಂಗಡಿಯವರಿಗೆ ಕರೆಂಟಿನ ಭಾಗ ಗೊತ್ತಿಲ್ಲ, ಸ್ಕೂಟರ್ ಗ್ಯಾರೇಜಿನವರು ಸೈಕಲ್ ಅಂದರೆ ಒಳಗೇ ಬಿಟ್ಟುಕೊಳ್ಳುವುದಿಲ್ಲ.

ಮಳೆ ಶುರುವಾದ ಮೇಲೆ ಆ ಮೂರರಲ್ಲಿ ಒಂದು ಕಾಟ ಕೊಡತೊಡಗಿತು. ನನ್ನ ಹತ್ತಿರ ಬರುವ ಹೊತ್ತಿಗೆ ಎರಡು ಹೊಸ ಥ್ರಾಟಲ್ ಹಾಕಿ ಆಗಿತ್ತು. ಮೂರನೆಯ ಸಲ, "ಥ್ರಾಟಲ್ ಸರಿ ಇದೆ, ಕಂಟ್ರೋಲರ್ ಹೋಗಿದೆ, ಬದಲಾಯಿಸಬೇಕು" ಅಂತ ಮೆಕ್ಯಾನಿಕ್ ಹೇಳಿದ್ದರು. ಬ್ಯಾಟರಿಯಿಂದ ಮೋಟಾರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಪೆಟ್ಟಿಗೆಯೇ ಕಂಟ್ರೋಲರ್. ಹೋಟೆಲಿನ ಯಜಮಾನರಿಗೆ ಸಾಕಾಗಿಹೋಗಿತ್ತು. "ಎಂತ ಮಾಡೂದು ಮಾರಾಯ್ರೆ, ಇದಕ್ಕೆ ಹಾಕಿದ ದುಡ್ಡಲ್ಲಿ ಇನ್ನೊಂದು ಸೈಕಲ್ಲೇ ಬರ್ತಿತ್ತೇನೋ. ಈ ಹುಡುಗ ರೇಸ್ ಎಳೆದು ಎಳೆದು ಹಾಳು ಮಾಡ್ತಾನೆ" ಅಂದರು. ಎರಡನೆಯ ಥ್ರಾಟಲಿನ ದುಡ್ಡನ್ನು ಆ ಹುಡುಗನ ಸಂಬಳದಲ್ಲಿ ಮುರಿದುಕೊಳ್ಳುವ ಮಾತೂ ಆಗಿತ್ತು.

ದೂರು ಎರಡು ಬಗೆಯದು. ಒಂದು, ಬೆಳಿಗ್ಗೆ ಸ್ವಿಚ್ ಹಾಕಿದರೆ ಲೈಟ್ ಹತ್ತುತ್ತದೆ, ರೇಸ್ ಕೊಟ್ಟರೆ ಗಾಡಿ ಅಲ್ಲಾಡುವುದಿಲ್ಲ. ಪೆಡಲ್ ತುಳಿದರೆ ಬರಬೇಕಾದ ಮೋಟಾರಿನ ಸಹಾಯವೂ ಬರುವುದಿಲ್ಲ. ಎರಡು ಮೂರು ಸಲ ಆಫ್-ಆನ್ ಮಾಡಿ, ಆಚೀಚೆ ಎಳೆದಾಡಿದರೆ ಹೊರಡುತ್ತದೆ. ಇನ್ನೊಂದು ಇದಕ್ಕೆ ಪೂರ್ತಿ ಉಲ್ಟಾ. ಓಡುವಾಗ ಕೆಲವೊಮ್ಮೆ ರೇಸ್ ಪೂರ್ತಿ ಬಿಟ್ಟರೂ ಗಾಡಿ ತಾನಾಗಿ ಮುಂದೆ ನುಗ್ಗುತ್ತದೆ. ಹಿಂದಿನ ಮೆಕ್ಯಾನಿಕ್ ಮೊದಲನೆಯದನ್ನು ಮಾತ್ರ ಗಂಭೀರವಾಗಿ ತೆಗೆದುಕೊಂಡಿದ್ದರು. ಎರಡನೆಯದನ್ನು ಹುಡುಗನ ನೆಪ ಅಂದುಕೊಂಡಿದ್ದರು. ನನಗೆ ಎರಡನೆಯದು ಕೇಳಿದಾಗಲೇ ಎದೆ ಧಸಕ್ಕೆಂದಿತು. ಹೊರಡದ ಗಾಡಿಯಿಂದ ಕೆಲಸ ಕೆಡುತ್ತದೆ ಅಷ್ಟೇ. ತಾನಾಗಿ ಹೊರಡುವ ಗಾಡಿ ಕಿಂಗ್ಸ್ ಸರ್ಕಲ್ಲಿನ ಬಸ್ಸು, ಟ್ಯಾಕ್ಸಿಗಳ ನಡುವೆ ಇದ್ದರೆ ಜೀವಕ್ಕೇ ಅಪಾಯ.

ಹಾಗಾಗಿ ಗಾಡಿ ಬಿಚ್ಚುವ ಮೊದಲು ಹುಡುಗನನ್ನೇ ಕೂರಿಸಿಕೊಂಡು ಕೇಳಿದೆ. ಕಲಬುರಗಿ ಕಡೆಯವನು, ಇಪ್ಪತ್ತೂ ದಾಟಿಲ್ಲ. ಮೊದಲು ಬಾಯೇ ಬಿಡಲಿಲ್ಲ. ಬೈಗುಳ ತಿಂದು ಸಾಕಾಗಿತ್ತು. ಚಹಾ ಕುಡಿದ ಮೇಲೆ ಮೆಲ್ಲಗೆ ಹೇಳಿದ.

"ಎಲ್ಲಾ ಕಡಿ ಹಂಗ ಆಗಂಗಿಲ್ರಿ ಅಣ್ಣಾ. ಸೊಸೈಟಿ ಗೇಟಿನಾಗ ಎಡಕ್ಕ ಹೊಳ್ಳುವಾಗ ತಾನ ಮುಂದ ಹೋಗ್ತದರಿ. ಬ್ರೇಕ್ ಹಿಡದ್ರ ನಿಂದರ್ತದ, ಬಿಟ್ರ ಮತ್ತ ಜಿಗಿತದರಿ."

"ಬಲಕ್ಕೆ ತಿರುಗಿಸಿದರೆ?"

"ಬಲಕ್ಕ ಏನೂ ಆಗಂಗಿಲ್ರಿ."

"ಬೆಳಿಗ್ಗೆ ಹೊರಡೋದಿಲ್ಲ ಅಂತೀಯಲ್ಲ, ಗಾಡಿ ರಾತ್ರಿ ಎಲ್ಲಿ ನಿಲ್ಲಿಸ್ತೀಯ?"

ಹೋಟೆಲಿನ ಪಕ್ಕದ ಸಂದಿಯಲ್ಲಿ, ಜಾಗ ಸಾಲದ್ದಕ್ಕೆ ಹ್ಯಾಂಡಲ್ ಪೂರ್ತಿ ಎಡಕ್ಕೆ ಮಡಚಿ ಗೋಡೆಗೆ ಆನಿಸಿ ನಿಲ್ಲಿಸುತ್ತಾನೆ. ಬೆಳಿಗ್ಗೆ ಅಲ್ಲೇ ಸ್ವಿಚ್ ಹಾಕಿ, ಆಮೇಲೆ ಹೊರಗೆ ಎಳೆಯುತ್ತಾನೆ. ಎರಡು ದೂರಿನಲ್ಲೂ ಹ್ಯಾಂಡಲ್ ಎಡಕ್ಕೇ ಇತ್ತು. ಅರ್ಧ ಪತ್ತೆ ಅಲ್ಲೇ ಆಯಿತು. ಇಷ್ಟು ದಿನ ಯಾರೂ ಅವನನ್ನು ಕೇಳಿರಲಿಲ್ಲ, ನನಗೆ ಬೇಸರವಾಗಿದ್ದು ಅದಕ್ಕೆ.

ಇಲ್ಲಿ ಥ್ರಾಟಲ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಸ್ವಲ್ಪ ಹೇಳಬೇಕು. ಈ ಸೈಕಲ್‌ಗಳ ಥ್ರಾಟಲಿನೊಳಗೆ ಪೆಟ್ರೋಲ್ ಗಾಡಿಯ ಹಾಗೆ ಎಳೆಯುವ ಕೇಬಲ್ ಇಲ್ಲ. ತಿರುಗುವ ಭಾಗದಲ್ಲಿ ಒಂದು ಸಣ್ಣ ಅಯಸ್ಕಾಂತ, ತಿರುಗದ ಭಾಗದಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಹಾಲ್ ಸೆನ್ಸರ್. 1879ರಲ್ಲಿ ಎಡ್ವಿನ್ ಹಾಲ್ ಅನ್ನುವ ವಿಜ್ಞಾನಿ ಕಂಡುಹಿಡಿದ ಗುಣವನ್ನೇ ಇದು ಬಳಸುತ್ತದೆ. ಕರೆಂಟ್ ಹರಿಯುವ ತೆಳು ಹಾಳೆಯ ಹತ್ತಿರ ಅಯಸ್ಕಾಂತ ತಂದರೆ ಅಡ್ಡಕ್ಕೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಸೆನ್ಸರಿಗೆ ಮೂರು ವೈರ್: ಕೆಂಪಿನಲ್ಲಿ ಕಂಟ್ರೋಲರ್ ಕೊಡುವ 5 ವೋಲ್ಟ್, ಕಪ್ಪು ನೆಗೆಟಿವ್, ಮೂರನೆಯದು ಸಿಗ್ನಲ್. ರೇಸ್ ಬಿಟ್ಟಾಗ ಸಿಗ್ನಲಿನಲ್ಲಿ ಸುಮಾರು 0.8ರಿಂದ 0.9 ವೋಲ್ಟ್, ಪೂರ್ತಿ ತಿರುಗಿಸಿದಾಗ 4 ವೋಲ್ಟಿನ ಆಸುಪಾಸು. ರೇಸ್ ಎಷ್ಟು ಅಂತ ತಿಳಿಯಲು ಕಂಟ್ರೋಲರ್ ನೋಡುವುದು ಇದೊಂದನ್ನೇ. ಸಾಮಾನ್ಯವಾಗಿ 1.1-1.2 ವೋಲ್ಟ್ ದಾಟಿದರೆ "ಸವಾರ ರೇಸ್ ಕೊಟ್ಟ" ಅಂದುಕೊಂಡು ಮೋಟಾರ್ ತಿರುಗಿಸುತ್ತದೆ.

ಅಯಸ್ಕಾಂತ ಸೆನ್ಸರಿಗೆ ತಾಗುವುದೇ ಇಲ್ಲ, ಹಾಗಾಗಿ ಉಜ್ಜಿ ಸವೆಯುವ ಮಾತಿಲ್ಲ. "ರೇಸ್ ಎಳೆದು ಎಳೆದು ಹಾಳು" ಅನ್ನುವುದು ಈ ಬಗೆಯ ಥ್ರಾಟಲಿಗೆ ಅಷ್ಟಾಗಿ ಸಲ್ಲುವುದಿಲ್ಲ. ಸ್ಪ್ರಿಂಗ್ ಸೋಲಬಹುದು, ಅಯಸ್ಕಾಂತದ ಅಂಟು ಬಿಡಬಹುದು, ನೀರು ಇಳಿಯಬಹುದು. ಆದರೂ ಗಾಡಿ ಹೊರಡದಿದ್ದರೆ ಎಲ್ಲರೂ ಮೊದಲು ಕೈ ಹಾಕುವುದು ಥ್ರಾಟಲಿಗೇ. ಬೆಲೆ ಕಡಿಮೆ, ಎರಡು ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತದೆ. ಸುಲಭ ಅನ್ನುವ ಕಾರಣಕ್ಕೆ ಬದಲಾಯಿಸುವುದು ರಿಪೇರಿ ಅಲ್ಲ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಮೂರು ವೈರಿನಲ್ಲಿ ಯಾವುದು ಕಡಿದರೆ ಏನಾಗುತ್ತದೆ ಅನ್ನುವುದು ಇಲ್ಲಿ ಮುಖ್ಯ. ಕೆಂಪು ಕಡಿದರೆ ಸೆನ್ಸರಿಗೆ ಕರೆಂಟಿಲ್ಲ, ಗಾಡಿ ಹೊರಡುವುದಿಲ್ಲ. ಸಿಗ್ನಲ್ ಕಡಿದರೂ ಸಾಮಾನ್ಯವಾಗಿ ಅದೇ ಕಥೆ. ಇವೆರಡರಿಂದ ಅಪಾಯ ಕಡಿಮೆ. ಕಪ್ಪು ಕಡಿದರೆ ಮಾತ್ರ ಸಿಗ್ನಲ್ ವೈರ್ 5 ವೋಲ್ಟಿನ ಕಡೆಗೆ ಏರುತ್ತದೆ. ಕೆಲವು ಕಂಟ್ರೋಲರ್‌ಗಳು ಅಷ್ಟು ಜಾಸ್ತಿ ವೋಲ್ಟೇಜನ್ನು ದೋಷ ಅಂತ ಗುರುತಿಸಿ ಮೋಟಾರ್ ನಿಲ್ಲಿಸುತ್ತವೆ. ಅಗ್ಗದವು ಅದನ್ನೇ ಪೂರ್ತಿ ರೇಸ್ ಅಂದುಕೊಳ್ಳುತ್ತವೆ. ಕಾರಿನ ಎಲೆಕ್ಟ್ರಾನಿಕ್ ಪೆಡಲಿನಲ್ಲಿ ಇದೇ ಭಯಕ್ಕೆ ಎರಡು ಸೆನ್ಸರ್ ಇಟ್ಟು ಒಂದರ ಲೆಕ್ಕ ಇನ್ನೊಂದಕ್ಕೆ ತಾಳೆ ನೋಡುತ್ತಾರೆ. ಈ ಸೈಕಲ್‌ಗಳಲ್ಲಿ ಇರುವುದು ಒಂದೇ.

ಇನ್ನೊಂದು ರಕ್ಷಣೆ ಬಹಳಷ್ಟು ಕಂಟ್ರೋಲರ್‌ಗಳಲ್ಲಿ ಇರುತ್ತದೆ. ಸ್ವಿಚ್ ಹಾಕಿದ ಗಳಿಗೆಯಲ್ಲೇ ಸಿಗ್ನಲ್ ಮೇಲಿದ್ದರೆ, ರೇಸ್ ಹಿಡಿದುಕೊಂಡೇ ಸ್ವಿಚ್ ಹಾಕಿದ್ದಾರೆ ಅಂತ ತಿಳಿದು ಅದು ಮೋಟಾರನ್ನು ಬಿಡುವುದೇ ಇಲ್ಲ. ಈ ಗಾಡಿಯ ಕಂಟ್ರೋಲರ್ ಹಾಗೆ ಮಾಡುವಾಗ ಪೆಡಲ್ ಸಹಾಯವನ್ನೂ ನಿಲ್ಲಿಸುತ್ತದೆ. ಹಿಂದಿನ ಮೆಕ್ಯಾನಿಕ್ ದಾರಿ ತಪ್ಪಿದ್ದು ಇಲ್ಲಿ. ಥ್ರಾಟಲೂ ಇಲ್ಲ, ಪೆಡಲೂ ಇಲ್ಲ ಅಂದರೆ ಕಂಟ್ರೋಲರೇ ಹೋಗಿರಬೇಕು ಅನ್ನಿಸುವುದು ಸಹಜ. ಆದರೆ ಕಂಟ್ರೋಲರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು.

ಈಗ ಪರೀಕ್ಷೆಗೆ ಬರೋಣ. ಗಾಡಿಯನ್ನು ಸ್ಟ್ಯಾಂಡಿಗೆ ಏರಿಸಿ ಹಿಂದಿನ ಚಕ್ರ ನೆಲ ಮುಟ್ಟದಂತೆ ನಿಲ್ಲಿಸಿದೆ. ತಾನಾಗಿ ಓಡುವ ಗಾಡಿಯನ್ನು ನೆಲದ ಮೇಲಿಟ್ಟು ಪರೀಕ್ಷೆ ಮಾಡಬಾರದು. ಬ್ಯಾಟರಿ 39 ವೋಲ್ಟಿಗಿಂತ ಮೇಲಿತ್ತು. ಹತ್ತು ಸೆಲ್ ಸಾಲಿನ ಈ ಬ್ಯಾಟರಿ ತುಂಬಿದಾಗ 42 ವೋಲ್ಟ್ ಇರುತ್ತದೆ, ಹಾಗಾಗಿ ಅಲ್ಲಿ ತೊಂದರೆ ಇಲ್ಲ. ಬ್ರೇಕಿನ ಕಟ್ ಆಫ್ ಸ್ವಿಚ್‌ಗಳ ಕನೆಕ್ಟರ್ ಬಿಚ್ಚಿ ನೋಡಿದೆ, ದೂರು ಹಾಗೇ ಉಳಿಯಿತು. ಕೂಡಲೇ ಅವನ್ನು ವಾಪಸ್ ಹಾಕಿದೆ. ಈ ಗಾಡಿಯಲ್ಲಿ ಹುಡುಗನನ್ನು ಇಷ್ಟು ದಿನ ಕಾಪಾಡಿದ್ದು ಅವೇ. ಬ್ರೇಕ್ ಹಿಡಿದ ತಕ್ಷಣ ಮೋಟಾರಿಗೆ ಕರೆಂಟ್ ನಿಲ್ಲುತ್ತದೆ. ನಿಮ್ಮ ಗಾಡಿ ಯಾವತ್ತಾದರೂ ಹೀಗೆ ನುಗ್ಗಿದರೆ ಎರಡೂ ಬ್ರೇಕ್ ಹಿಡಿದು, ಹಿಡಿದಿರುವಾಗಲೇ ಸ್ವಿಚ್ ಆಫ್ ಮಾಡಿ. ಬ್ರೇಕ್ ಬಿಟ್ಟು ಆಮೇಲೆ ಸ್ವಿಚ್ ಹುಡುಕಬೇಡಿ.

ಆಮೇಲೆ ಥ್ರಾಟಲಿನ ಕನೆಕ್ಟರ್. ಇದನ್ನು ಬಿಚ್ಚಿ ಅಳೆಯಬಾರದು, ಹಾಕಿಕೊಂಡಿದ್ದಾಗಲೇ ಅಳೆಯಬೇಕು. ಬಿಚ್ಚಿದರೆ ವೈರಿನಲ್ಲಿ ಕರೆಂಟೇ ಹರಿಯುವುದಿಲ್ಲ, ದೋಷವೂ ಕಾಣುವುದಿಲ್ಲ. ಕನೆಕ್ಟರಿನ ಹಿಂಬದಿಯಿಂದ, ವೈರಿನ ಪಕ್ಕದ ಸಂದಿನಲ್ಲಿ ಗುಂಡುಸೂಜಿ ಇಳಿಸಿ ಅದಕ್ಕೆ ವೋಲ್ಟ್ ಅಳೆಯುವ ಮೀಟರಿನ ಪ್ರೋಬ್ (ವೈರಿನ ತುದಿಯ ಕಡ್ಡಿ) ತಾಗಿಸುತ್ತೇನೆ. ವೈರಿನ ಮೈಗೆ ಸೂಜಿ ಚುಚ್ಚುವುದಿಲ್ಲ, ಆ ತೂತಿನಲ್ಲೇ ಮುಂದಿನ ಮಳೆಗೆ ನೀರು ಇಳಿಯುತ್ತದೆ. ಕೆಂಪಿನ ಸೂಜಿ ಕಪ್ಪಿಗೆ ತಾಗದ ಹಾಗೂ ನೋಡಿಕೊಳ್ಳಬೇಕು, ಕಂಟ್ರೋಲರಿನ 5 ವೋಲ್ಟ್ ಸರ್ಕ್ಯೂಟ್ ಸುಟ್ಟುಹೋದೀತು.

ಹ್ಯಾಂಡಲ್ ನೇರ ಇಟ್ಟು ಅಳೆದೆ. ಕೆಂಪು-ಕಪ್ಪು ನಡುವೆ 4.96 ವೋಲ್ಟ್. ಸಿಗ್ನಲ್ 0.85. ಪೂರ್ತಿ ರೇಸಿಗೆ 4.1. ಚಕ್ರ ಚೆನ್ನಾಗಿ ತಿರುಗಿತು, ಬಿಟ್ಟರೆ ನಿಂತಿತು. ಎಲ್ಲಾ ಸರಿ.

ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದೆ. ಎರಡು ಸೆಕೆಂಡ್ ಏನೂ ಇಲ್ಲ, ಆಮೇಲೆ ಚಕ್ರ ತಾನಾಗಿ ತಿರುಗತೊಡಗಿತು. ಹುಡುಗ ಯಜಮಾನರ ಮುಖ ನೋಡಿದ, ಯಜಮಾನರು ಚಕ್ರ ನೋಡಿದರು. ಆದರೆ ಮೀಟರ್ ಮಾತ್ರ ಸಿಗ್ನಲ್ 0.84 ಅಂತಲೇ ತೋರಿಸುತ್ತಿತ್ತು. ರೇಸ್ ಕೊಡದ ಥ್ರಾಟಲಿನ ಲೆಕ್ಕ ಅದು. ಹಾಗಾದರೆ ಮೋಟಾರ್ ಯಾಕೆ ತಿರುಗುತ್ತಿದೆ?

ಈ ಪ್ರಕರಣದ ಗಂಟು ಇರುವುದು ಇಲ್ಲೇ. ಹಿಂದಿನ ಮೆಕ್ಯಾನಿಕ್ ಕೂಡ ಇದೇ ರೀಡಿಂಗ್ ನೋಡಿ "ಥ್ರಾಟಲ್ ಸರಿ, ಕಂಟ್ರೋಲರ್ ಕೆಟ್ಟಿದೆ" ಅಂದಿದ್ದರು. ನಾನು ಮೀಟರಿನ ಕಪ್ಪು ಪ್ರೋಬನ್ನು ಥ್ರಾಟಲ್ ಕನೆಕ್ಟರಿನ ಕಪ್ಪು ವೈರಿನಿಂದ ತೆಗೆದು ಬ್ಯಾಟರಿಯ ನೆಗೆಟಿವಿಗೆ ಹಾಕಿದೆ. ಈ ಗಾಡಿಗಳಲ್ಲಿ ಕಂಟ್ರೋಲರಿನ ನೆಗೆಟಿವೂ ಅದೇ. ಈಗ ಅದೇ ಸಿಗ್ನಲ್ 1.42 ವೋಲ್ಟ್!

ಅಂದರೆ ಥ್ರಾಟಲ್ ತನ್ನ ಕಪ್ಪು ವೈರಿನಿಂದ ಮೇಲಕ್ಕೆ 0.84 ಕೊಡುತ್ತಿದೆ, ಅದು ಸರಿಯೇ. ಆದರೆ ಆ ಕಪ್ಪು ವೈರೇ ಕಂಟ್ರೋಲರಿನ ನೆಗೆಟಿವಿಗಿಂತ ಮೇಲೆದ್ದು ಕೂತಿದೆ. ಮಗುವನ್ನು ಸ್ಟೂಲಿನ ಮೇಲೆ ನಿಲ್ಲಿಸಿ ನೆಲದಿಂದ ಎತ್ತರ ಅಳೆದ ಹಾಗೆ. ಮಗು ಬೆಳೆದಿಲ್ಲ, ಲೆಕ್ಕ ಮಾತ್ರ ಜಾಸ್ತಿ. ಸ್ಟೂಲಿನ ಎತ್ತರವನ್ನೇ ಅಳೆದರೆ ಆಯಿತಲ್ವಾ? ಕೆಂಪು ಪ್ರೋಬ್ ಥ್ರಾಟಲಿನ ಕಪ್ಪು ವೈರಿಗೆ, ಕಪ್ಪು ಪ್ರೋಬ್ ಬ್ಯಾಟರಿ ನೆಗೆಟಿವಿಗೆ. ಹ್ಯಾಂಡಲ್ ನೇರ ಇದ್ದಾಗ ಸೊನ್ನೆಗೆ ಹತ್ತಿರ. ಎಡಕ್ಕೆ ತಿರುಗಿಸಿದಾಗ 0.58 ವೋಲ್ಟ್. 0.84ಕ್ಕೆ 0.58 ಕೂಡಿಸಿ, 1.42. ಕೆಂಪು-ಕಪ್ಪು ನಡುವಿನ 4.96 ಕೂಡ ಅಷ್ಟೇ ಇಳಿದು 4.38ಕ್ಕೆ ಬಂದಿತ್ತು. ಲೆಕ್ಕ ಪೂರ್ತಿ ತಾಳೆಯಾಯಿತು.

ಎರಡು ಉಲ್ಟಾ ದೂರುಗಳೂ ಇದೊಂದರಿಂದಲೇ ಅರ್ಥವಾಗುತ್ತವೆ. ಹ್ಯಾಂಡಲ್ ಎಡಕ್ಕಿದ್ದಾಗ ಸ್ವಿಚ್ ಹಾಕಿದರೆ ಕಂಟ್ರೋಲರಿಗೆ 1.42 ಕಾಣುತ್ತದೆ, ರೇಸ್ ಹಿಡಿದಿದ್ದಾರೆ ಅಂತ ಅದು ಹೊರಡಲು ಬಿಡುವುದಿಲ್ಲ. ನೇರ ಇದ್ದಾಗ ಸ್ವಿಚ್ ಹಾಕಿ, ಓಡುವಾಗ ಎಡಕ್ಕೆ ತಿರುಗಿಸಿದರೆ ಅದೇ 1.42 ಅನ್ನು ಅದು ರೇಸ್ ಅಂದುಕೊಂಡು ಗಾಡಿ ನುಗ್ಗಿಸುತ್ತದೆ.

ದೋಷ ಎಲ್ಲಿದೆ ಅಂತ ಹುಡುಕಲು ಅದೇ ಅಳತೆಯನ್ನು ವೈರಿನ ಉದ್ದಕ್ಕೂ ಒಯ್ದೆ. ಕನೆಕ್ಟರಿನ ಥ್ರಾಟಲ್ ಕಡೆ 0.58, ಅದರ ಇನ್ನೊಂದು ಅರ್ಧದಲ್ಲೂ 0.58. ಅಂದರೆ ಕನೆಕ್ಟರಿನ ಪಿನ್ ಸರಿ ಇದೆ. ಕಂಟ್ರೋಲರ್ ಪೆಟ್ಟಿಗೆ ತೆರೆದು ಕಪ್ಪು ವೈರಿನ ಆ ತುದಿ ನೋಡಿದರೆ ಸೊನ್ನೆ. ಇವೆರಡರ ನಡುವೆ ಅಲುಗಾಡುವ ಜಾಗ ಒಂದೇ, ಹ್ಯಾಂಡಲಿನ ಕೆಳಗೆ ಫ್ರೇಮಿನ ಕತ್ತು. ಅಲ್ಲಿ ಯಾರೋ ವೈರುಗಳನ್ನು ಅಚ್ಚುಕಟ್ಟಾಗಿ ಕಾಣಲಿ ಅಂತ ಕೇಬಲ್ ಟೈ ಹಾಕಿ ಬಿಗಿಯಾಗಿ ಎಳೆದು ಕಟ್ಟಿದ್ದರು. ಥ್ರಾಟಲ್ ಬಲಗೈಯಲ್ಲಿ. ಹ್ಯಾಂಡಲ್ ಎಡಕ್ಕೆ ತಿರುಗಿದಾಗ ಬಲ ಹಿಡಿ ಮುಂದಕ್ಕೆ ಹೋಗುತ್ತದೆ, ವೈರ್ ಎಳೆಯುತ್ತದೆ, ಟೈ ಬಿಡುವುದಿಲ್ಲ. ಪ್ರತಿ ತಿರುವಿಗೂ ವೈರ್ ಅದೇ ಜಾಗದಲ್ಲಿ ಬಾಗಿ ಬಾಗಿ ಒಳಗೆ ಮುರಿಯುತ್ತಾ ಬಂದಿದೆ.

ಟೈ ಕತ್ತರಿಸಿ, ಹೊರಗಿನ ಕರಿ ಪೈಪ್ ಸೀಳಿದೆ. ಕಪ್ಪು ವೈರಿನ ಪ್ಲಾಸ್ಟಿಕ್ ಮೇಲೆ ಒಂದು ಗೀರೂ ಇಲ್ಲ. ಟೈ ಇದ್ದ ಕಡೆ ಹಿಡಿದು ಎಳೆದರೆ ಮಾತ್ರ ಅಲ್ಲಿ ರಬ್ಬರಿನಂತೆ ಉದ್ದವಾಗುತ್ತಿತ್ತು. ಒಳಗೆ ತಾಮ್ರ ಇಲ್ಲದ ಜಾಗ ಕೈಗೆ ಹಾಗೇ ಗೊತ್ತಾಗುತ್ತದೆ. ಬ್ಲೇಡಿನಿಂದ ಸಿಪ್ಪೆ ತೆಗೆದಾಗ ಎಳೆಗಳೆಲ್ಲ ತುಂಡಾಗಿ ತುದಿಗಳು ಕಪ್ಪಾಗಿದ್ದವು, ನಡುವೆ ಹಸಿರು ಕಿಲುಬು ಹಿಟ್ಟಿನಂತೆ ಕೂತಿತ್ತು. ಒಂದೆರಡು ಎಳೆ ಮಾತ್ರ ಒಂದಕ್ಕೊಂದು ತಾಗಿಕೊಂಡಿದ್ದವು. ಸೆನ್ಸರಿಗೆ ಬೇಕಾಗುವ ಕರೆಂಟ್ ಹತ್ತು ಮಿಲಿಆಂಪಿಗಿಂತ ಕಡಿಮೆ. ಅಷ್ಟು ಸಣ್ಣ ಕರೆಂಟಿಗೂ ಅರ್ಧ ವೋಲ್ಟ್ ಬೀಳಬೇಕಾದರೆ ಆ ಜಾಗದಲ್ಲಿ ಎಂಬತ್ತು ತೊಂಬತ್ತು ಓಮ್ ಅಡ್ಡಿ ಇರಬೇಕು. ನೇರ ಇದ್ದಾಗ ತುದಿಗಳು ಕೂಡಿಕೊಂಡು ಅಡ್ಡಿ ಹೆಚ್ಚುಕಡಿಮೆ ಮಾಯ. ಆಗ ಮೀಟರನ್ನು ಕಂಟಿನ್ಯುಟಿಗೆ, ಅಂದರೆ ವೈರ್ ಕಡಿದಿದೆಯೋ ಇಲ್ಲವೋ ನೋಡುವ ಸೆಟ್ಟಿಂಗಿಗೆ, ಇಟ್ಟು ನೋಡಿದರೆ ಬೀಪ್ ಬರುತ್ತದೆ. ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಬೀಪ್ ಬಂತು ಅಂತ ವೈರ್ ಚೆನ್ನಾಗಿದೆ ಅಂದುಕೊಳ್ಳುವವರು ಬಹಳ ಮಂದಿ, ಅವರಿಗಾಗಿಯೇ ಇದನ್ನು ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಮಳೆಗಾಲದಲ್ಲೇ ಯಾಕೆ ಶುರುವಾಯಿತು? ಎಳೆಗಳು ಮೊದಲೇ ಮುರಿಯುತ್ತಾ ಬಂದಿದ್ದವು. ಗಾಂಧಿ ಮಾರ್ಕೆಟ್ ಕಡೆ ನೀರು ನಿಂತಾಗಲೂ ಇದೇ ಗಾಡಿ ಓಡಿದೆ. ಕನೆಕ್ಟರಿನ ಹಿಂಬದಿಯಿಂದ ಇಳಿದ ನೀರು ವೈರಿನ ಸಿಪ್ಪೆಯೊಳಗೆ ಎಳೆಗಳ ಉದ್ದಕ್ಕೂ ಹರಿದಿದೆ. ಜೊತೆಗೆ ಸಮುದ್ರದ ಉಪ್ಪು ಗಾಳಿ. ಮುರಿದ ಎಳೆಗಳು ಒಣಗಿದ್ದಾಗ ಹೇಗೋ ತಾಗಿಕೊಂಡು ಕೆಲಸ ನಡೆಸುತ್ತಿದ್ದವು, ಕಿಲುಬು ಬಂದ ಮೇಲೆ ಅದೂ ತಪ್ಪಿತು. ಹೊಸ ಥ್ರಾಟಲ್ ಹಾಕಿದಾಗೆಲ್ಲ ಸ್ವಲ್ಪ ದಿನ ಸರಿಯಾಗಿದ್ದಕ್ಕೂ ಇದೇ ಕಾರಣ. ಕನೆಕ್ಟರ್ ಎಳೆದು ಹಾಕುವಾಗ ವೈರ್ ಅಲುಗಾಡಿ ತುದಿಗಳು ಮತ್ತೆ ಕೂಡುತ್ತಿದ್ದವು.

ರಿಪೇರಿ ದೊಡ್ಡದಲ್ಲ. ಕಪ್ಪು ಒಂದನ್ನೇ ಜೋಡಿಸದೆ ಮೂರೂ ವೈರುಗಳನ್ನು ಕನೆಕ್ಟರ್ ಸಮೇತ ಬದಲಾಯಿಸಿದೆ. ಪಕ್ಕದ ಎರಡೂ ಅದೇ ಟೈಯ ಕೆಳಗೆ ಅಷ್ಟೇ ಬಾಗಿದ್ದವು. ಲ್ಯಾಮಿಂಗ್ಟನ್ ರೋಡಿನಿಂದ ತಂದ ಸಿಲಿಕೋನ್ ಹೊದಿಕೆಯ, ಸಣ್ಣ ಎಳೆಗಳ ಮೆತ್ತನೆ ವೈರ್ ಹಾಕಿದೆ. ಹ್ಯಾಂಡಲ್ ತಿರುಗಿದರೂ ಅಲುಗದ ಕಡೆ, ಅಡ್ಡಪಟ್ಟಿಯ ಕೆಳಗೆ ಜಾಯಿಂಟ್ ಮಾಡಿದೆ. ಬಾಗುವ ಜಾಗದಲ್ಲಿ ಬೆಸುಗೆ ಹಾಕಿದರೆ ಬೆಸುಗೆಯ ಅಂಚಿನಲ್ಲೇ ಮತ್ತೆ ಮುರಿಯುತ್ತದೆ. ಮೂರು ಜಾಯಿಂಟೂ ಒಂದೇ ನೇರಕ್ಕೆ ಬರದ ಹಾಗೆ ಹಿಂದೆ ಮುಂದೆ ಮಾಡಿ, ಒಳಗೆ ಅಂಟಿರುವ, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿದೆ. ಕನೆಕ್ಟರಿನೊಳಗೆ ಸ್ವಲ್ಪ ಸಿಲಿಕೋನ್ ಗ್ರೀಸ್. ಕತ್ತಿನ ಹತ್ತಿರ ವೈರನ್ನು ಸಡಿಲವಾಗಿ ಕೆಳಕ್ಕೆ ಬಳುಕಿಸಿ ಬಿಟ್ಟೆ. ಹ್ಯಾಂಡಲ್ ಎತ್ತ ತಿರುಗಿದರೂ ಎಳೆಯುವುದಿಲ್ಲ, ಹರಿದು ಬಂದ ನೀರೂ ಬಳುಕಿನ ತುದಿಯಿಂದ ತೊಟ್ಟಿಕ್ಕಿ ಹೋಗುತ್ತದೆ, ಕನೆಕ್ಟರಿಗೆ ಬರುವುದಿಲ್ಲ.

ಆಮೇಲೆ ಸೂಜಿ, ಮೀಟರ್ ಹಾಗೇ ಇಟ್ಟು ಹುಡುಗನ ಕೈಯಲ್ಲೇ ಹ್ಯಾಂಡಲ್ ಈ ತುದಿಯಿಂದ ಆ ತುದಿಗೆ ತಿರುಗಿಸಿದೆ. ಬ್ಯಾಟರಿ ನೆಗೆಟಿವಿನಿಂದ ಅಳೆದ ಸಿಗ್ನಲ್ 0.85ರಿಂದ ಕದಲಲಿಲ್ಲ. ಕನೆಕ್ಟರಿನ ಮೇಲೆ ಚೊಂಬಿನಿಂದ ನೀರು ಸುರಿದು ಮತ್ತೆ ನೋಡಿದೆವು, ಅಷ್ಟೇ ಇತ್ತು. ಹ್ಯಾಂಡಲ್ ಎಡಕ್ಕೆ ಮಡಚಿಟ್ಟು ಸ್ವಿಚ್ ಹಾಕಿದರೂ ಗಾಡಿ ಹೊರಟಿತು.

ತೆಗೆದಿಟ್ಟಿದ್ದ ಎರಡು ಹಳೆಯ ಥ್ರಾಟಲ್ ಹೋಟೆಲಿನಲ್ಲೇ ಬಿದ್ದಿದ್ದವು, ತರಿಸಿಕೊಂಡೆ. ಥ್ರಾಟಲ್ ಮಾತ್ರ ಪರೀಕ್ಷಿಸಲು ಗಾಡಿ ಬೇಡ. ಹಳೆಯ ಮೊಬೈಲ್ ಚಾರ್ಜರಿನ 5 ವೋಲ್ಟನ್ನು ಕೆಂಪು-ಕಪ್ಪಿಗೆ ಕೊಟ್ಟು, ಸಿಗ್ನಲ್ ಮತ್ತು ಕಪ್ಪಿನ ನಡುವೆ ಮೀಟರ್ ಹಿಡಿದರೆ ಸಾಕು. ಎರಡೂ 0.8ರ ಮೇಲಿಂದ 4 ವೋಲ್ಟಿನವರೆಗೆ ಎಲ್ಲೂ ಮುಗ್ಗರಿಸದೆ ಏರಿದವು. ಅದನ್ನು ಯಜಮಾನರಿಗೇ ತೋರಿಸಿದೆ. ಅವರು ಸ್ವಲ್ಪ ಹೊತ್ತು ಮೀಟರನ್ನೇ ನೋಡಿ, "ಹಾಗಾದ್ರೆ ಹುಡುಗನದ್ದು ಎಂತ ತಪ್ಪಿಲ್ಲ ಅಂತಾಯ್ತು" ಅಂದರು. ಸಂಬಳದಲ್ಲಿ ಮುರಿಯುವ ಮಾತು ಅಲ್ಲಿಗೆ ಮುಗಿಯಿತು. ನನ್ನ ಮಟ್ಟಿಗೆ ಆ ದಿನದ ದೊಡ್ಡ ಕೆಲಸ ಅದೇ.

ಉಳಿದ ಎರಡು ಸೈಕಲ್ಲುಗಳನ್ನೂ ನೋಡದೆ ಬಿಡಲು ಮನಸ್ಸಾಗಲಿಲ್ಲ. ಅವಕ್ಕೂ ಅದೇ ಜಾಗದಲ್ಲಿ ಅದೇ ಬಿಗಿ ಟೈ. ಒಂದರಲ್ಲಿ ಹ್ಯಾಂಡಲ್ ಎಡಕ್ಕೆ ತಿರುಗಿಸಿದಾಗ ಕಪ್ಪು ವೈರ್ ಆಗಲೇ 0.1 ವೋಲ್ಟ್ ಮೇಲೆದ್ದಿತ್ತು. ಓಡಿಸುವವರಿಗೆ ಇನ್ನೂ ಏನೂ ಗೊತ್ತಾಗುವ ಹಂತ ಅಲ್ಲ. ಅದರ ವೈರನ್ನು ಸಂಜೆಯ ಪಾರ್ಸೆಲ್ ಶುರುವಾಗುವ ಮೊದಲೇ ಬದಲಾಯಿಸಿದೆವು. ಇನ್ನೊಂದರಲ್ಲಿ ಸೊನ್ನೆಯೇ ಇತ್ತು, ಟೈ ಕತ್ತರಿಸಿ ವೈರ್ ಸಡಿಲ ಬಿಟ್ಟೆವು.